ಈ ಮಳೆ ಯಾವ ದಿನದ್ದು? ಮಾಹಿತಿ ವಿಜ್ಞಾನವನ್ನು ವೃತ್ತಿಯಾಗಿ ಹಿಡಿಯುವವರಿಗೆ

(ಗ್ರಂಥಪಾಲಕರ ದಿನದ ಅಂಗವಾಗಿ ಎಂ.ಲಿಬ್., ಅಂದರೆ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ವಿದ್ಯಾರ್ಥಿಗಳು ಕೇಳಿದ ಎರಡು ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹವಾಮಾನ ಇಲಾಖೆಯ ಮಳೆ ದಾಖಲೆಯಲ್ಲಿ ಆಗುಂಬೆಯ ಸಾಲಿನಲ್ಲಿ ಜುಲೈ 15ರ ಎದುರು ಒಂದು ಅಂಕಿ ಬರೆದಿದೆ ಎಂದುಕೊಳ್ಳಿ. ಆ ಮಳೆ ಯಾವ ದಿನದ್ದು? 15ರದ್ದೇ ಅಲ್ಲವೇ ಎಂದು ನೀವು ಹೇಳಬಹುದು. ನಮ್ಮ ದೇಶದಲ್ಲಿ ಮಳೆಮಾಪಕವನ್ನು ಓದುವುದು ಬೆಳಿಗ್ಗೆ 8.30ಕ್ಕೆ. ಹಿಂದಿನ 24 ಗಂಟೆಯಲ್ಲಿ ಬಿದ್ದ ನೀರನ್ನು ಅಳೆದು, ಅಳೆದ ದಿನದ ತಾರೀಕಿಗೆ ಬರೆಯುತ್ತಾರೆ. 14ರ ಮಧ್ಯಾಹ್ನ ಧಾರಾಕಾರ ಸುರಿದು 15ರಂದು ಇಡೀ ದಿನ ಬಿಸಿಲು ಕಾದಿದ್ದರೂ ದಾಖಲೆಯ ಪ್ರಕಾರ ಮಳೆ 15ರದ್ದು.

ಇದನ್ನು ತಿಳಿಯದ ಒಬ್ಬ ಸಂಶೋಧಕಿ ಈ ಅಂಕಿಗಳನ್ನು ತೆಗೆದುಕೊಂಡು, ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಲೆಕ್ಕ ಹಾಕಿದ ಹೊಳೆಯ ನೀರಿನ ಅಂಕಿಗಳ ಪಕ್ಕ ಇಟ್ಟರೆ ಏನಾಗುತ್ತದೆ? ಮಳೆ ಬರುವ ಮೊದಲೇ ಹೊಳೆ ಉಕ್ಕಿದಂತೆ ಕಾಣುತ್ತದೆ. ಮಳೆಯ ಅಂಕಿಯೂ ಸರಿ, ಹೊಳೆಯ ಅಂಕಿಯೂ ಸರಿ. ಎರಡನ್ನೂ ಸೇರಿಸಿದಾಗ ಬಂದ ತೀರ್ಮಾನ ಮಾತ್ರ ಸುಳ್ಳು. 'ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆ' ಎಂಬ ಒಂದು ಸಾಲು ಜೊತೆಗಿದ್ದಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಅದೇ ಕಡತದಲ್ಲಿ ಅಂಕಿ ಬರೆಯದೆ ಖಾಲಿ ಬಿಟ್ಟ ಒಂದು ಮನೆಯೂ ಇರುತ್ತದೆ. ಅವತ್ತು ಮಳೆ ಬರಲಿಲ್ಲವೋ, ಮಾಪಕದ ಬಾಯಿಗೆ ಎಲೆ ಕಟ್ಟಿತ್ತೋ, ಓದುವವರು ರಜೆಯಲ್ಲಿದ್ದರೋ? ಯಾರೋ ಅದನ್ನು ಸೊನ್ನೆ ಎಂದು ತುಂಬಿಬಿಟ್ಟರೆ ಇಲ್ಲದ ಬರಗಾಲವೊಂದು ಹುಟ್ಟಿಕೊಳ್ಳುತ್ತದೆ.

ಆ ಒಂದು ಸಾಲನ್ನು ಯಾರು ಬರೆಯಬೇಕು, ಎಲ್ಲಿ ಬರೆಯಬೇಕು, ಯಂತ್ರಕ್ಕೂ ಮನುಷ್ಯರಿಗೂ ಅರ್ಥವಾಗುವಂತೆ ಹೇಗೆ ಬರೆಯಬೇಕು, ಐವತ್ತು ವರ್ಷದ ನಂತರವೂ ಅದು ಅಂಕಿಯ ಜೊತೆಯಲ್ಲೇ ಉಳಿಯುವಂತೆ ಹೇಗೆ ನೋಡಿಕೊಳ್ಳಬೇಕು: ನನ್ನ ವೃತ್ತಿ ಇಷ್ಟೇ. ಇದರಲ್ಲಿ ನನ್ನ ಆಯುಷ್ಯದ ಬಹುಭಾಗ ಕಳೆದಿದೆ. ದತ್ತಾಂಶವನ್ನು ವಿವರಿಸುವುದು ಗುಮಾಸ್ತಿಕೆಯಲ್ಲ, ಅದೇ ಒಂದು ಸಂಶೋಧನೆ ಎಂದು ನಿಮಗೆ ಮನವರಿಕೆ ಮಾಡಿಕೊಡಲು ಇವತ್ತು ಬಂದಿದ್ದೇನೆ.

ಈ ವೃತ್ತಿಗೆ ಮನಸ್ಸಿಲ್ಲದೆ ಬಂದವರ ಪೈಕಿ ದೊಡ್ಡ ಹೆಸರು ಎಸ್.ಆರ್. ರಂಗನಾಥನ್ ಅವರದು. ಅವರು ಗಣಿತದವರು. 1917ರಲ್ಲಿ ಅಧ್ಯಾಪಕರಾಗಿ ಮೊದಲು ಸೇರಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿಗೆ, ಅಂದರೆ ಈಗಿನ ಹಂಪನಕಟ್ಟೆಯ ವಿಶ್ವವಿದ್ಯಾಲಯ ಕಾಲೇಜಿಗೆ. ಅಲ್ಲಿಂದ ಕೊಯಮತ್ತೂರು, ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಸೇರಿದ ಕೆಲವೇ ದಿನಗಳಲ್ಲಿ ಆ ಏಕಾಂತ ಸಹಿಸಲಾಗದೆ, ಪಾಠ ಹೇಳುವ ಕೆಲಸಕ್ಕೆ ವಾಪಸು ಕರೆಸಿಕೊಳ್ಳಿ ಎಂದು ಪ್ರಾಂಶುಪಾಲರ ಮುಂದೆ ಹೋಗಿ ನಿಂತರು. ಹೇಗೂ ಇಂಗ್ಲೆಂಡಿಗೆ ತರಬೇತಿಗೆ ಹೋಗುವುದಿದೆ, ಹೋಗಿ ಬನ್ನಿ, ಆಗಲೂ ಬೇಡವೆನಿಸಿದರೆ ನೋಡೋಣ ಎಂಬ ಮಾತಾಯಿತು. ಅವರು ಮರಳಿ ಗಣಿತಕ್ಕೆ ಹೋಗಲೇ ಇಲ್ಲ.

ಇಂಗ್ಲೆಂಡಿನಲ್ಲಿ ಅವರು ಊರೂರಿನ ಗ್ರಂಥಾಲಯಗಳನ್ನು ಸುತ್ತಿದರು. ಪುಸ್ತಕಗಳನ್ನು ವಿಂಗಡಿಸುವ ಪದ್ಧತಿಗಳೆಲ್ಲ ಅವರಿಗೆ ಬಿಗಿಯಾಗಿ ಕಂಡವು. ಎಲ್ಲ ವಿಷಯಗಳಿಗೂ ಮೊದಲೇ ಒಂದೊಂದು ಗೂಡು ಮಾಡಿಟ್ಟಿರುತ್ತಿದ್ದರು. ಹೊಸ ವಿಷಯ ಬಂದರೆ ಅದಕ್ಕೆ ಗೂಡಿಲ್ಲ. ಲಂಡನ್ನಿನ ಸೆಲ್ಫ್ರಿಜಸ್ ಎಂಬ ದೊಡ್ಡ ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆಯನ್ನು ನೋಡಿದಾಗ ಅವರಿಗೆ ದಾರಿ ಹೊಳೆಯಿತು. ಪಟ್ಟಿ, ಚಕ್ರ, ತಿರುಪು ಕೆಲವೇ ಕೆಲವು. ಅವುಗಳನ್ನೇ ಬೇರೆ ಬೇರೆ ರೀತಿ ಜೋಡಿಸಿ ಬೇಕಾದ್ದು ಕಟ್ಟಬಹುದು. ವಿಷಯವನ್ನೂ ಹೀಗೇ ಬಿಡಿ ಮುಖಗಳಾಗಿ ಒಡೆದಿಟ್ಟುಕೊಂಡರೆ, ನಾಳೆ ಹುಟ್ಟುವ ವಿಷಯಕ್ಕೂ ಅವತ್ತೇ ಸಂಖ್ಯೆ ಕಟ್ಟಬಹುದು. 1933ರಲ್ಲಿ ಅವರ ಈ ಪದ್ಧತಿ, ಕೋಲನ್ ವರ್ಗೀಕರಣ, ಪ್ರಕಟವಾಯಿತು. ಮುಂದೆ ಇದು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲ ವರ್ಗಗಳ ಸಿದ್ಧಾಂತವಾಗಿ ಬೆಳೆಯಿತು.

ಪರೀಕ್ಷೆಗಾಗಿ ಇದನ್ನು ಉರು ಹೊಡೆದವರು ಇಲ್ಲಿ ಬಹಳ ಮಂದಿ ಇದ್ದೀರಿ. ಇವತ್ತು ಮೊಬೈಲಿನಲ್ಲಿ ಸೀರೆ ಹುಡುಕುವಾಗ ಎಡಬದಿಯಲ್ಲಿ ಬಣ್ಣ, ಬಟ್ಟೆ, ಬೆಲೆ ಎಂದು ಒಂದೊಂದಾಗಿ ಗುರುತು ಹಾಕಿ ಪಟ್ಟಿ ಕಿರಿದು ಮಾಡುತ್ತೀರಲ್ಲ, ಅದರ ಹಿಂದೆಯೂ ಇರುವುದು ಇದೇ ವಿಚಾರ. ದತ್ತಾಂಶದ ಕಡತವನ್ನು ವಿವರಿಸುವಾಗ ನಾವು ಕೇಳುವ ಪ್ರಶ್ನೆಗಳಲ್ಲೂ ಅದೇ ಇದೆ: ಯಾವುದರ ಅಳತೆ, ಯಾವ ಗುಣದ ಅಳತೆ, ಯಾವ ವಿಧಾನದಿಂದ, ಎಲ್ಲಿ, ಯಾವಾಗ. ಮಳೆಯ ಕಡತದಲ್ಲಿ ತಪ್ಪಿಹೋದದ್ದು ಈ 'ಕಾಲ'ದ ಮುಖ.

ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಅವರು ಇಲ್ಲಿ ಕಟ್ಟಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ, ನಮ್ಮವರ ಬಾಯಲ್ಲಿ ಡಿ.ಆರ್.ಟಿ.ಸಿ., ಇವತ್ತಿಗೂ ಮೈಸೂರು ರಸ್ತೆಯಲ್ಲಿದೆ. ಗ್ರಂಥಾಲಯದ ವಿಭಾಗವೊಂದನ್ನು ಸಂಖ್ಯಾಶಾಸ್ತ್ರಜ್ಞರು ತಮ್ಮ ಮನೆಯೊಳಗೆ ಕರೆದುಕೊಂಡದ್ದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಅಂಕಿ ಮತ್ತು ಅಂಕಿಯ ವಿವರಣೆ ಒಂದೇ ಅಂಗಳದಲ್ಲಿ ಇರಬೇಕೆಂದು ಅಷ್ಟು ಹಿಂದೆಯೇ ಇಲ್ಲಿ ಯಾರಿಗೋ ಹೊಳೆದಿತ್ತು.

ರಂಗನಾಥನ್ ತೀರಿಕೊಂಡದ್ದು 1972ರಲ್ಲಿ. ಅದೇ ವರ್ಷ ಕೇಂಬ್ರಿಜ್‌ನಲ್ಲಿ ಕೆಲಸ ಮಾಡುತ್ತಿದ್ದ ಕರೆನ್ ಸ್ಪಾರ್ಕ್ ಜೋನ್ಸ್ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಅದರ ತಿರುಳು ಇಷ್ಟು: ದಾಖಲೆಗಳ ರಾಶಿಯಲ್ಲಿ ಒಂದು ಪದ ಎಷ್ಟು ಕಡಿಮೆ ದಾಖಲೆಗಳಲ್ಲಿ ಬರುತ್ತದೆಯೋ, ಹುಡುಕುವಾಗ ಅದಕ್ಕೆ ಅಷ್ಟು ಹೆಚ್ಚು ತೂಕ ಕೊಡಬೇಕು. ಅಡಿಕೆ ಬೆಳೆಯ ಸಾವಿರ ಲೇಖನಗಳಿದ್ದರೆ 'ಮತ್ತು' ಎಲ್ಲದರಲ್ಲೂ ಇರುತ್ತದೆ, 'ಕೊಳೆರೋಗ' ಕೆಲವದರಲ್ಲಿ ಮಾತ್ರ. ನೀವು ಎರಡನ್ನೂ ಬರೆದು ಹುಡುಕಿದರೆ ಯಂತ್ರ ಕೊಳೆರೋಗದ ಕಡೆ ವಾಲಬೇಕು. ಇವತ್ತಿನ ಹುಡುಕು ತಂತ್ರಗಳ ಅಡಿಪಾಯದಲ್ಲಿ ಈ ಲೆಕ್ಕ ಈಗಲೂ ಕೂತಿದೆ. ಇಷ್ಟು ಕೊಟ್ಟ ಆಕೆ ದಶಕಗಳ ಕಾಲ ತಾತ್ಕಾಲಿಕ ಗುತ್ತಿಗೆಗಳ ಮೇಲೆ ದುಡಿದರು. ಪ್ರೊಫೆಸರ್ ಪದವಿ ಸಿಕ್ಕಿದ್ದು 1999ರಲ್ಲಿ. ಅತಿಥಿ ಉಪನ್ಯಾಸಕರಾಗಿ ವರ್ಷ ವರ್ಷವೂ ನೇಮಕದ ಆದೇಶಕ್ಕೆ ಕಾಯುತ್ತಿರುವವರು ಈ ಸಭೆಯಲ್ಲೂ ಇದ್ದೀರಿ. ಆಕೆಯ ಬದುಕನ್ನು ನೆನೆದಾಗ ನಿಮ್ಮ ಮುಖಗಳು ನನ್ನ ಕಣ್ಣ ಮುಂದೆ ಬರುತ್ತವೆ. ಪ್ರತಿಭೆ ಇದ್ದರೆ ಎಲ್ಲ ತಾನಾಗಿ ಬರುತ್ತದೆ ಎಂಬ ಮಾತನ್ನು ನಾನು ನಿಮಗೆ ಹೇಳುವುದಿಲ್ಲ, ಏಕೆಂದರೆ ಅದು ನಿಜವಲ್ಲ.

ಆಕೆಯ ಸೂತ್ರವನ್ನು ಕನ್ನಡಕ್ಕೆ ನೇರವಾಗಿ ಹಾಕಿ ನೋಡಿ. ಮನೆ, ಮನೆಯಲ್ಲಿ, ಮನೆಯಿಂದ, ಮನೆಗಳಿಗೆ, ಮನೆಯವರೂ. ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಪದಗಳು, ಒಂದೊಂದೂ ಅಪರೂಪದ್ದು. ಹಾಗಾಗಿ ತೀರಾ ಸಾಮಾನ್ಯ ಪದದ ವಿಭಕ್ತಿ ರೂಪಕ್ಕೂ ಸುಮ್ಮನೆ ತೂಕ ಏರುತ್ತದೆ. ಪ್ರತ್ಯಯ ಬಿಡಿಸಿ ಮೂಲ ಪದಕ್ಕೆ ಹೋಗುವ ಉಪಕರಣ ಮೊದಲು ಬೇಕು, ಅದು ಸಂಧಿಯನ್ನೂ ಬಲ್ಲದ್ದಾಗಿರಬೇಕು. ಇದರ ಮೇಲೆ ಕೆಲಸ ನಡೆದಿದೆ, ಇನ್ನೂ ಎಷ್ಟೋ ಪಿಎಚ್‌ಡಿಗಳಿಗೆ ಸಾಕಾಗುವಷ್ಟು ಉಳಿದಿದೆ.

ಇನ್ನು ಅಕ್ಷರಗಳ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಕನ್ನಡದ ದತ್ತಾಂಶದಲ್ಲಿ ಕೆಲಸ ಮಾಡುವವರು ಯಾರೂ ಇದನ್ನು ದಾಟದೆ ಮುಂದೆ ಹೋಗಲಾರರು.

ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಆದರೆ ನಮ್ಮ ಕಂಪ್ಯೂಟರುಗಳಲ್ಲಿ ಅದು ಸರಿಯಾಗಿ ಮೂಡುವ ಹೊತ್ತಿಗೆ ವರ್ಷಗಳೇ ಹಿಡಿದವು. ಆ ನಡುವೆ ನುಡಿ, ಬರಹ ಮುಂತಾದ ತಂತ್ರಾಂಶಗಳು ಕನ್ನಡವನ್ನು ಉಳಿಸಿದವು. ಅವುಗಳನ್ನು ಕಟ್ಟಿದವರಿಗೆ ನಾವೆಲ್ಲ ಋಣಿಗಳು. ಆದರೆ ಆ ಕಾಲದ ಫಾಂಟುಗಳಲ್ಲಿ ಬೆರಳಚ್ಚಾದ ಕಡತದ ಒಳಗೆ ಇರುವುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಅವುಗಳ ಮೇಲೆ ಕನ್ನಡದ ಚಿತ್ರ ಹೊದಿಸಲಾಗಿದೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಾಗದ ಗೀಚು. ಹುಡುಕಿದರೆ ಏನೂ ಸಿಗದು. ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ, ತೀರಿಕೊಂಡ ಲೇಖಕರ ಮನೆಯ ಹಳೆಯ ಸಿ.ಡಿ.ಗಳಲ್ಲಿ ಇಂಥ ಕನ್ನಡ ರಾಶಿ ರಾಶಿಯಾಗಿ ಬಿದ್ದಿದೆ. ಯೂನಿಕೋಡಿಗೆ ಬದಲಿಸುವ ಉಪಕರಣಗಳಿವೆ. ಆದರೆ ಮೂಲ ಕಡತ ಯಾವ ಫಾಂಟಿನ ಯಾವ ಆವೃತ್ತಿಯದು ಎಂದು ಯಾರೂ ಬರೆದಿಟ್ಟಿಲ್ಲದಿದ್ದರೆ ಒತ್ತಕ್ಷರಗಳು ಅಡ್ಡಾದಿಡ್ಡಿಯಾಗಿ ಬರುತ್ತವೆ. ಮತ್ತೆ ಅದೇ ಕಥೆ: ಕಡತ ಇದೆ, ಅದರ ವಿವರ ಇಲ್ಲ.

ಯೂನಿಕೋಡಿಗೆ ಬಂದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಕನ್ನಡದ ಅನುಸ್ವಾರ ಮತ್ತು ಕನ್ನಡದ ಸೊನ್ನೆ ನೋಡಲು ಒಂದೇ. ಬೆರಳಚ್ಚು ಮಾಡುವವರು ಅನುಸ್ವಾರದ ಬದಲು ಸೊನ್ನೆ ಹಾಕಿದರೆ ಕಣ್ಣಿಗೆ ಗೊತ್ತಾಗುವುದೇ ಇಲ್ಲ, ಆದರೆ ಯಂತ್ರದ ಮಟ್ಟಿಗೆ 'ಬೆ೦ಗಳೂರು' ಬೇರೆ ಊರು. 'ಬ್ಯಾಂಕ್‌ನಲ್ಲಿ' ಎಂದು ಬರೆಯುವಾಗ ಕಕಾರಕ್ಕೆ ನಕಾರ ಒತ್ತಾಗದಿರಲಿ ಎಂದು ನಡುವೆ ಒಂದು ಕಾಣದ ಗುರುತು ಇರುತ್ತದೆ; ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. 'ರ‍್ಯಾಂಕ್' ಬರೆಯಲು ಕಾಣದ ಜೋಡಕ ಗುರುತನ್ನು ಹಲಂತದ ಮೊದಲು ಇಡುವ ಪದ್ಧತಿಯೂ ಇದೆ, ನಂತರ ಇಡುವ ಪದ್ಧತಿಯೂ ಇದೆ. ಒಬ್ಬ ಹೆಂಗಸಿನ ಒಂದೇ ಹೆಸರು ಮತದಾರರ ಪಟ್ಟಿಯಲ್ಲಿ ಒಂದು ರೀತಿ, ಪಡಿತರ ಚೀಟಿಯಲ್ಲಿ ಇನ್ನೊಂದು ರೀತಿ ಸೇರಿಕೊಂಡರೆ, ಹೊಂದಿಸಲು ಹೊರಟ ಯಂತ್ರ 'ಇಬ್ಬರು ಬೇರೆ' ಎನ್ನುತ್ತದೆ. ಕಷ್ಟ ಬೀಳುವುದು ಕೌಂಟರಿನ ಮುಂದೆ ನಿಂತ ಆ ಹೆಂಗಸಿಗೆ. ಇಂಥದ್ದನ್ನು ಮೊದಲೇ ಒಂದೇ ರೂಪಕ್ಕೆ ತರುವ ನಿಯಮಗಳನ್ನು ಯೋಚಿಸಿ, ಪರೀಕ್ಷಿಸಿ, ಪ್ರಕಟಿಸುವುದು ನಮ್ಮ ಕ್ಷೇತ್ರದ ಕೆಲಸ. ಕನ್ನಡ ಬಲ್ಲವರಲ್ಲದೆ ಬೇರೆ ಯಾರೂ ಇದನ್ನು ಮಾಡಿಕೊಡುವುದಿಲ್ಲ.

ನಮ್ಮಲ್ಲಿ ಮಾತ್ರ ಹೀಗೆ ಎಂದು ಕುಗ್ಗಬೇಡಿ. ಜೀವವಿಜ್ಞಾನಿಗಳು ಕೆಲವು ಜೀನ್‌ಗಳಿಗೆ ಸೆಪ್ಟ್1, ಮಾರ್ಚ್1 ಎಂಬ ಚುಟುಕು ಹೆಸರು ಇಟ್ಟಿದ್ದರು. ಎಕ್ಸೆಲ್‌ನಲ್ಲಿ ಅದನ್ನು ಬರೆದ ಕ್ಷಣ ಅದು ಸೆಪ್ಟೆಂಬರ್ 1, ಮಾರ್ಚ್ 1 ಎಂಬ ತಾರೀಕಾಗಿ ಬದಲಾಗುತ್ತಿತ್ತು. 2016ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಜೀನ್ ಪಟ್ಟಿಗಳನ್ನು ಎಕ್ಸೆಲ್ ಕಡತವಾಗಿ ಜೊತೆಗಿಟ್ಟ ಪ್ರಬಂಧಗಳ ಪೈಕಿ ಸುಮಾರು ಐದರಲ್ಲಿ ಒಂದು ಪಾಲಿನಲ್ಲಿ ಇಂಥ ತಪ್ಪು ಸಿಕ್ಕಿತು. ಕೊನೆಗೆ 2020ರಲ್ಲಿ ಜೀನ್ ಹೆಸರುಗಳ ಸಮಿತಿ ಆ ಜೀನ್‌ಗಳ ಹೆಸರುಗಳನ್ನೇ ಬದಲಿಸಿತು. ಒಂದು ವಿಜ್ಞಾನವೇ ತನ್ನ ಹೆಸರುಗಳನ್ನು ಕಚೇರಿ ತಂತ್ರಾಂಶಕ್ಕೆ ಹೊಂದಿಸಿಕೊಳ್ಳಬೇಕಾಗಿ ಬಂತು. ಆ ಪ್ರಯೋಗಾಲಯಗಳಲ್ಲಿ ದತ್ತಾಂಶ ಬಲ್ಲ ಒಬ್ಬ ಗ್ರಂಥಪಾಲಕಿ ಇದ್ದಿದ್ದರೆ ಇದು ಎಷ್ಟೋ ಮೊದಲೇ ಬೆಳಕಿಗೆ ಬರುತ್ತಿತ್ತು ಎಂದು ನಾನು ನಂಬುತ್ತೇನೆ.

ಒಳ್ಳೆಯ ಮಾದರಿಗಳಿಗೂ ನಾವು ದೂರ ಹೋಗಬೇಕಾಗಿಲ್ಲ. ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಶುರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ದತ್ತಾಂಶದ ಕಣ್ಣಿನಿಂದ ಒಮ್ಮೆ ತೆರೆದು ನೋಡಿ. ಪ್ರತಿ ಶಾಸನಕ್ಕೂ ತಾಲ್ಲೂಕಿನ ಸಂಕ್ಷಿಪ್ತ ಹೆಸರು ಮತ್ತು ಒಂದು ಸಂಖ್ಯೆ. ಕಲ್ಲು ಯಾವ ಊರಿನಲ್ಲಿ, ಆ ಊರಿನ ಯಾವ ಜಾಗದಲ್ಲಿ ನಿಂತಿದೆ ಎಂಬ ಸಾಲು. ಮೂಲ ಪಾಠ ಕನ್ನಡ ಲಿಪಿಯಲ್ಲಿ, ರೋಮನ್ ಲಿಪಿಯಲ್ಲಿ, ಜೊತೆಗೆ ಅನುವಾದ. ನಾವು ಇವತ್ತು ದತ್ತಾಂಶ ಭಂಡಾರಗಳಿಂದ ಕೇಳುವುದೂ ಬಹುಮಟ್ಟಿಗೆ ಇದನ್ನೇ: ಸ್ಥಿರವಾದ ಗುರುತು, ಸ್ಥಳ, ಮೂಲ ಮತ್ತು ವ್ಯಾಖ್ಯಾನ ಬೇರೆ ಬೇರೆಯಾಗಿ.

ಆ ಪದ್ಧತಿಯಲ್ಲಿ ಒಂದು ತೊಡಕೂ ಇದೆ, ಅದರಿಂದಲೂ ಕಲಿಯಬಹುದು. ಗುರುತಿನೊಳಗೆ ತಾಲ್ಲೂಕಿನ ಹೆಸರು ಕೂತಿದೆ. ರೈಸ್ ಅವರ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿ ಇವೆ. ಕಾನಕಾನಹಳ್ಳಿ ಕನಕಪುರವಾಯಿತು. ಈ ತಾಲ್ಲೂಕುಗಳು 2007ರಲ್ಲಿ ರಾಮನಗರ ಜಿಲ್ಲೆಗೆ ಹೋದವು, 2025ರಲ್ಲಿ ಆ ಜಿಲ್ಲೆಗೂ ಹೊಸ ಹೆಸರು ಬಂತು. ಕಲ್ಲು ಇದ್ದಲ್ಲೇ ಇದೆ. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದ ಮೇಲೆ ಸಂಶೋಧಕರು ಉಲ್ಲೇಖದ ಪಕ್ಕ '(ಪ)' ಎಂದು ಬರೆಯಲು ಕಲಿತರು, ಹಳೆಯದೋ ಪರಿಷ್ಕೃತದ್ದೋ ಓದುಗರಿಗೆ ತಿಳಿಯಲೆಂದು. ಗುರುತಿನ ಸಂಖ್ಯೆಯೊಳಗೆ ಬದಲಾಗುವ ಯಾವ ಅರ್ಥವನ್ನೂ ತುಂಬಬಾರದು ಎಂದು ನಾವು ಇವತ್ತು ಪಾಠ ಹೇಳುತ್ತೇವೆ. ಡಿಜಿಟಲ್ ಪ್ರಬಂಧ, ಕಡತಗಳಿಗೆ ಕೊಡುವ ಸ್ಥಿರ ಗುರುತಾದ ಡಿ.ಒ.ಐ., ಸಂಶೋಧಕರನ್ನು ಗುರುತಿಸುವ ಆರ್ಕಿಡ್ ಸಂಖ್ಯೆ, ಇವೆಲ್ಲ ಆ ತತ್ವದ ಮೇಲೇ ನಿಂತಿವೆ. ಇತ್ತೀಚೆಗೆ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ರಸ್ತೆ ಅಗಲೀಕರಣದಲ್ಲಿ ಕಲ್ಲು ಕಳೆದುಹೋಗುವ ಮೊದಲೇ ಅಕ್ಷರದ ಆಳವನ್ನೂ ಹಿಡಿದಿಡುವ ಕೆಲಸ ಅದು. ಆ ಸ್ಕ್ಯಾನ್‌ಗೂ ರೈಸ್ ಕೊಟ್ಟ ಸಂಖ್ಯೆಗೂ ಕೊಂಡಿ ಬೆಸೆದರೆ ನೂರು ವರ್ಷಕ್ಕೂ ಮಿಕ್ಕಿದ ವಿದ್ವತ್ತು ಒಂದೇ ದಾರದಲ್ಲಿ ಬರುತ್ತದೆ.

ಈಗ ವೃತ್ತಿಯ ಕಷ್ಟದ ಭಾಗಕ್ಕೆ ಬರುತ್ತೇನೆ. ನಾನು ಓದುವಾಗ ಎಲ್ಲರೂ ಯುನೆಸ್ಕೊದ ಸಿಡಿಎಸ್/ಐಸಿಸ್ ಎಂಬ ಗ್ರಂಥಾಲಯ ತಂತ್ರಾಂಶ ಕಲಿಯುತ್ತಿದ್ದೆವು. ಈಗ ನೀವು ಕೋಹಾ, ಡಿಸ್ಪೇಸ್ ಕಲಿಯುತ್ತೀರಿ. ಉಪಕರಣ ಬದಲಾಗುತ್ತಲೇ ಇರುತ್ತದೆ, ಅದರ ಬಗ್ಗೆ ಚಿಂತೆ ಬೇಡ. ನನಗೆ ಚಿಂತೆ ಇರುವುದು ನಮ್ಮ ಕೆಲಸವನ್ನು ಅಳೆಯುವ ರೀತಿಯ ಬಗ್ಗೆ. ಒಬ್ಬರು ಎರಡು ವರ್ಷ ಕೂತು ಒಂದು ದತ್ತಾಂಶ ಸಂಗ್ರಹವನ್ನು ಶುದ್ಧ ಮಾಡಿ, ವಿವರಿಸಿ, ಎಲ್ಲರ ಬಳಕೆಗೆ ಇಟ್ಟರೆ ಬಡ್ತಿಯ ಅಂಕಪಟ್ಟಿಯಲ್ಲಿ ಅದಕ್ಕೆ ಒಂದು ಸಾಲೂ ಸಿಗುವುದು ಕಷ್ಟ. ಅದೇ ಸಂಗ್ರಹವನ್ನು ಬಳಸಿ ಇನ್ನೊಬ್ಬರು ನಾಲ್ಕು ಪ್ರಬಂಧ ಬರೆದರೆ ನಾಲ್ಕಕ್ಕೂ ಅಂಕ.

ನೋವಿನ ಸಂಗತಿಯೆಂದರೆ ಈ ಅಳತೆಗೋಲು ನಮ್ಮ ಕ್ಷೇತ್ರದಿಂದಲೇ ಹೊರಟದ್ದು. ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ವಿಜ್ಞಾನ ಉಲ್ಲೇಖ ಸೂಚಿಯನ್ನು ಹೊರತಂದರು. ಯಾವ ಪ್ರಬಂಧವನ್ನು ಮುಂದೆ ಯಾರು ಉಲ್ಲೇಖಿಸಿದರು ಎಂದು ಹಿಂದುಮುಂದಾಗಿ ಹುಡುಕಬಲ್ಲ ಅದ್ಭುತ ಸಾಧನ ಅದು. ಅದರಿಂದ ಹುಟ್ಟಿದ ಪ್ರಭಾವಾಂಕ, ಅಂದರೆ ಒಂದು ನಿಯತಕಾಲಿಕದ ಪ್ರಬಂಧಗಳಿಗೆ ಸರಾಸರಿ ಎಷ್ಟು ಉಲ್ಲೇಖ ಸಿಕ್ಕಿದೆ ಎಂದು ಹೇಳುವ ಇಂಪ್ಯಾಕ್ಟ್ ಫ್ಯಾಕ್ಟರ್, ಇದ್ದದ್ದು ನಿಯತಕಾಲಿಕಗಳನ್ನು ಆರಿಸಲು. ಕ್ರಮೇಣ ಅದನ್ನು ಮನುಷ್ಯರನ್ನು ತೂಗಲು ಬಳಸಿದರು. ಇದನ್ನು ನಿಲ್ಲಿಸಿ ಎಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ಸಂಪಾದಕರು, ಪ್ರಕಾಶಕರು ಒಂದು ಘೋಷಣೆ ಬರೆದರು. ಆಮೇಲೆ ಸಾವಿರಾರು ಮಂದಿ ಅದಕ್ಕೆ ಸಹಿ ಹಾಕಿದ್ದಾರೆ. ದತ್ತಾಂಶವನ್ನೂ ಸಂಶೋಧನೆಯ ಫಲವೆಂದು ಎಣಿಸಿ ಎಂಬುದು ಅದರ ಒಂದು ಮುಖ್ಯ ಬೇಡಿಕೆ. ನಮ್ಮ ನೇಮಕಾತಿ ಸಮಿತಿಗಳು ಅದನ್ನು ಓದಬೇಕು. ನೀವು ಮುಂದೆ ಅಂಥ ಸಮಿತಿಯಲ್ಲಿ ಕೂತಾಗ ಅದನ್ನು ಎತ್ತಿ ಹೇಳಬೇಕು.

ಈ ಅನ್ಯಾಯದ ನಡುವೆಯೂ ಕಟ್ಟಿದವರಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ಬಿ. ರಾಜಶೇಖರ್ ಮತ್ತು ಅವರ ಸಂಗಡಿಗರು 2002ರಲ್ಲಿ ಸಂಸ್ಥೆಯ ಪ್ರಬಂಧಗಳ ಮುಕ್ತ ಭಂಡಾರ ತೆರೆದರು. ದೇಶದಲ್ಲಿ ಅಂಥ ಮೊದಲ ಸಾಂಸ್ಥಿಕ ಭಂಡಾರವೆಂದರೆ ಅದೇ. ಚಂದಾ ಕಟ್ಟಲಾಗದ ತಾಲ್ಲೂಕು ಕಾಲೇಜಿನ ಅಧ್ಯಾಪಕರಿಗೂ ಆ ಪ್ರಬಂಧಗಳು ತೆರೆದವು. ರಾಜಶೇಖರ್ 2005ರಲ್ಲೇ ತೀರಿಕೊಂಡರು. ಭಂಡಾರ ಈಗಲೂ ನಡೆಯುತ್ತಿದೆ.

ಮುಕ್ತವಾಗಿಡಿ ಎಂದು ಹೇಳುವಾಗ ಒಂದು ಎಚ್ಚರದ ಮಾತನ್ನೂ ಸೇರಿಸಲೇಬೇಕು. 2016ರಲ್ಲಿ ಪ್ರಕಟವಾದ ಫೇರ್ ತತ್ವಗಳು ದತ್ತಾಂಶ ಹುಡುಕಿದರೆ ಸಿಗಬೇಕು, ತೆಗೆಯಲು ಬರಬೇಕು, ಬೇರೆ ದತ್ತಾಂಶದ ಜೊತೆ ಹೊಂದಬೇಕು, ಮತ್ತೆ ಬಳಕೆಗೆ ಒದಗಬೇಕು ಎನ್ನುತ್ತವೆ. ಎಲ್ಲವನ್ನೂ ಎಲ್ಲರಿಗೂ ಬಿಚ್ಚಿಡಿ ಎಂದು ಅವು ಹೇಳುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಒಂದು ಔಷಧಿ ಗಿಡ ಎಲ್ಲಿ ಬೆಳೆಯುತ್ತದೆ ಎಂದು ನಿಮಗೆ ನಂಬಿ ತೋರಿಸಿದರೆ, ಅದರ ಅಕ್ಷಾಂಶ ರೇಖಾಂಶವನ್ನು ನೀವು ಜಾಲಕ್ಕೆ ಏರಿಸಿದ ಮರುವಾರ ಅಲ್ಲಿ ಗಿಡ ಉಳಿಯದೇ ಹೋಗಬಹುದು. ಅಂಥ ಕಡೆ ವಿವರಣೆಯನ್ನು ಮುಕ್ತವಾಗಿಟ್ಟು, ಸ್ಥಳವನ್ನು ಮುಚ್ಚಿಟ್ಟು, ಬೇಕಾದವರು ಯಾರನ್ನು ಕೇಳಬೇಕು ಎಂದು ಬರೆಯಬೇಕು. ಆ ತಿಳಿವಳಿಕೆ ಯಾರದೋ ಅವರ ಒಪ್ಪಿಗೆ ಮೊದಲು.

ಮಾತು ಇಲ್ಲಿಗೆ ನಿಲ್ಲಿಸಿದಾಗ ಹಲವರು ಕೈ ಎತ್ತಿದರು. ಎರಡು ಪ್ರಶ್ನೆಗಳನ್ನು ಇಲ್ಲಿ ಕೊಡುತ್ತೇನೆ.

"ಸಾರ್, ಕೃತಕ ಬುದ್ಧಿಮತ್ತೆ ಬಂದ ಮೇಲೆ ಮೆಟಾಡೇಟಾ, ಅಂದರೆ ದತ್ತಾಂಶದ ವಿವರಣೆ, ಬರೆಯುವ ಕೆಲಸವನ್ನು ಅದೇ ಮಾಡಿಬಿಡುತ್ತಲ್ಲ, ನಮಗೆ ಕೆಲಸ ಇರುತ್ತದೆಯೇ?"

ವಿಷಯ ಶೀರ್ಷಿಕೆ ಊಹಿಸುವುದು, ಸಾರಾಂಶ ಬರೆಯುವುದು ಯಂತ್ರಕ್ಕೆ ಈಗಲೇ ತಕ್ಕಮಟ್ಟಿಗೆ ಬರುತ್ತದೆ, ಅದನ್ನು ಬಳಸಿಕೊಳ್ಳಿ. ಆದರೆ ಕಡತದೊಳಗೆ ಇಲ್ಲದ್ದನ್ನು ಅದು ಹೇಗೆ ತಿಳಿಯುತ್ತದೆ? ಖಾಲಿ ಬಿಟ್ಟ ಮನೆಯ ಕಾರಣ ಮಾಪಕ ಓದುವವರಿಗೆ ಗೊತ್ತು. ಅವರನ್ನು ಹೋಗಿ ಕೇಳಬೇಕು. ಇನ್ನೊಂದು ಮಾತು. ಆ ಯಂತ್ರಗಳೂ ನಮ್ಮ ದತ್ತಾಂಶ ತಿಂದೇ ಬೆಳೆಯುವುದು. ಕನ್ನಡದ ಯಾವ ಪಠ್ಯ, ಯಾವ ಪ್ರದೇಶದ ಮಾತು, ಎಲ್ಲಿಂದ ಬಂತು, ಯಾರ ಒಪ್ಪಿಗೆಯಿಂದ ಬಂತು, ಅನುವಾದವೋ ಸ್ವತಂತ್ರ ಬರಹವೋ ಎಂದು ವಿವರಿಸಿದ ಸಂಗ್ರಹಗಳು ತೀರಾ ಕಡಿಮೆ. ಕಲಬುರಗಿಯ ಕನ್ನಡ, ಕುಂದಾಪುರದ ಕನ್ನಡ, ಅರೆಭಾಷೆ ಎಲ್ಲವನ್ನೂ ಒಂದೇ ಮೂಟೆಗೆ ತುಂಬಿ 'ಕನ್ನಡ' ಎಂದು ಚೀಟಿ ಅಂಟಿಸಿದರೆ ಯಂತ್ರ ಪಠ್ಯಪುಸ್ತಕದ ಕನ್ನಡವನ್ನೇ ಕನ್ನಡ ಎಂದುಕೊಳ್ಳುತ್ತದೆ. ನಿಮ್ಮ ಕೆಲಸ ಕಡಿಮೆಯಾಗುವುದಿಲ್ಲ, ಅದರ ಹೊಣೆ ಹೆಚ್ಚುತ್ತದೆ.

ಇನ್ನೊಬ್ಬಳು ವಿದ್ಯಾರ್ಥಿನಿ ಕೇಳಿದಳು: "ನನ್ನದು ಹಳ್ಳಿ, ಕನ್ನಡ ಮಾಧ್ಯಮ. ಪಿಎಚ್‌ಡಿ ಮಾಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?"

ಎನ್‌ಇಟಿಗೆ ಓದುತ್ತಿರಮ್ಮ, ಅದು ಬೇಕು. ಪ್ರೋಗ್ರಾಂ ಬರೆಯಲು ಪೈಥಾನ್ ಸ್ವಲ್ಪ, ದತ್ತಾಂಶ ಶುದ್ಧ ಮಾಡಲು ಓಪನ್‌ರಿಫೈನ್ ಚೆನ್ನಾಗಿ, ಸಂಖ್ಯಾಶಾಸ್ತ್ರದ ಮೂಲ ಪಾಠಗಳು, ಇಷ್ಟನ್ನು ರಜೆಯಲ್ಲಿ ಕಲಿಯಬಹುದು. ಇದರ ಜೊತೆ ಒಂದು ನಿಜವಾದ ದತ್ತಾಂಶದ ಮೇಲೆ ಕೈ ಹಾಕು. ನಿನ್ನ ಹೋಬಳಿಯ ಕೆರೆಗಳನ್ನೇ ತೆಗೆದುಕೊ. ಪಂಚಾಯಿತಿಯ ಪಟ್ಟಿಯಲ್ಲಿ ಒಂದು ಹೆಸರು, ಸಣ್ಣ ನೀರಾವರಿಯವರಲ್ಲಿ ಇನ್ನೊಂದು, ಕಂದಾಯ ದಾಖಲೆಯಲ್ಲಿ ಬರೀ ಸರ್ವೆ ನಂಬರು, ಊರವರ ಬಾಯಲ್ಲಿ ಮತ್ತೊಂದು ಹೆಸರು ಇರುವುದು ನಮ್ಮಲ್ಲಿ ಸಾಮಾನ್ಯ. ನಾಲ್ಕನ್ನೂ ಎದುರು ಬದುರು ಇಡು. ಯಾವ ಎರಡು ಹೆಸರು ಒಂದೇ ಕೆರೆಯದು, ಯಾವ ಕೆರೆ ಪಟ್ಟಿಯಲ್ಲಿ ಮಾತ್ರ ಉಳಿದಿದೆ, ಯಾವುದು ನೆಲದ ಮೇಲಿದ್ದೂ ಪಟ್ಟಿಯಲ್ಲಿಲ್ಲ, ಎಲ್ಲ ಗುರುತು ಹಾಕು. ಪ್ರತಿಯೊಂದಕ್ಕೂ ಅರ್ಥವಿಲ್ಲದ ಒಂದು ಕ್ರಮಸಂಖ್ಯೆ ಕೊಡು. ಯಾವ ದಾಖಲೆಯನ್ನು ಯಾವ ತಾರೀಕು ನೋಡಿದೆ, ಯಾರನ್ನು ಕೇಳಿದೆ, ಅನುಮಾನವಿದ್ದಲ್ಲಿ ಏಕೆ ಹೀಗೆ ತೀರ್ಮಾನಿಸಿದೆ ಎಂದು ಎರಡು ಪುಟ ಕನ್ನಡದಲ್ಲಿ ಬರೆ. ಎರಡನ್ನೂ ಜೆನೊಡೊದಲ್ಲಿ ಜಮಾ ಮಾಡು. ಅದು ಯುರೋಪಿನ ಸರ್ನ್ ಸಂಸ್ಥೆ ನಡೆಸುವ ಭಂಡಾರ, ಕಾಸು ಕೇಳುವುದಿಲ್ಲ, ಡಿ.ಒ.ಐ. ಕೊಡುತ್ತದೆ. ಪಿಎಚ್‌ಡಿ ಸಂದರ್ಶನಕ್ಕೆ ಹೋಗುವಾಗ ಆ ಸಂಖ್ಯೆಯನ್ನು ಅರ್ಜಿಯ ಮೊದಲ ಪುಟದಲ್ಲೇ ಬರೆ. ಅದಕ್ಕೂ ಮೊದಲು ಕೊಂಡಿಯನ್ನು ನನಗೆ ಕಳಿಸು. ಆ ಎರಡು ಪುಟಗಳನ್ನು ನಾನು ಸಾಲು ಬಿಡದೆ ಓದುತ್ತೇನೆ.